ಹೆದರಿಕೆಯನ್ನು ಬಾಯಿಬಿಟ್ಟು ಹೇಳಿ

ಪ್ರೀತಿಯ ಯುವಜನರೇ, ಹಿರಿಯರೇ,

ದಸರಾ ರಜೆಯಲ್ಲಿ ನೀವು ಮಂಗಳೂರಿನಿಂದ ಬೆಳ್ತಂಗಡಿ ತಾಲೂಕಿನ ಘಟ್ಟದ ಕಡೆಗೆ, ಕಾಡಿನ ಬುಡಕಟ್ಟು ಜನರಾದ ಮಲೆಕುಡಿಯರ ಮನೆಗಳಿಗೆ ಆರೋಗ್ಯ ಸೇವೆಗೆ ಹೊರಟಿದ್ದೀರಿ. ಅಲ್ಲಿಯ ಕಾಡು ಸೇರಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಆ ಮನೆಗಳು ಅದಕ್ಕಿಂತ ಎಷ್ಟೋ ಹಿಂದಿನವು. ಜೀಪು ಹೋಗುವಲ್ಲಿವರೆಗೆ ಜೀಪು, ಆಮೇಲೆ ನಡಿಗೆ. ಔಷಧಿ, ಬಿಪಿ ನೋಡುವ ಯಂತ್ರ, ಅಕ್ಕಿ ಎಲ್ಲ ನಿಮ್ಮ ಬೆನ್ನ ಮೇಲೆ. ಏನೇನು ತರಬೇಕು ಎಂಬ ಪಟ್ಟಿ ನಿಮಗೆ ಸಿಕ್ಕಿದೆ. ಪಟ್ಟಿಯಲ್ಲಿ ಇಲ್ಲದೆಯೂ ಎಲ್ಲರೂ ಹೊತ್ತು ತರುವ ಹೆದರಿಕೆಯ ಬಗ್ಗೆ ನಾನು ಮಾತಾಡುತ್ತೇನೆ.

ದೇವರ ಕೆಲಸಕ್ಕೆ ಹೋಗುವವರು ಹೆದರಬಾರದು ಎಂದು ನಮ್ಮಲ್ಲಿ ಹೇಳುವುದುಂಟು. ನಾನು ಇದನ್ನು ಒಪ್ಪುವುದಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಏನು ಮಾಡಿದರು? ಮೂವರು ಶಿಷ್ಯರನ್ನು ಜೊತೆಗೆ ಕರೆದುಕೊಂಡು ಹೋದರು. ಜೀವಕ್ಕೆ ಎಷ್ಟು ಸಂಕಟವಾಗುತ್ತಿದೆ ಎಂದು ಅವರ ಎದುರೇ ಹೇಳಿಕೊಂಡರು. ಇಲ್ಲೇ ಇರಿ, ಎಚ್ಚರವಾಗಿರಿ ಎಂದು ಬೇಡಿಕೊಂಡರು. ಆ ಮೂವರು ನಿದ್ದೆ ಹೋದರು. ನಮ್ಮ ತಂಡದಲ್ಲಿ ಹಾಗಾಗಬಾರದು.

ಹಿಂದೊಮ್ಮೆ ನಮ್ಮ ಜೊತೆ ಒಬ್ಬಳು ನರ್ಸಿಂಗ್ ವಿದ್ಯಾರ್ಥಿನಿ ಬಂದಿದ್ದಳು. ದಾರಿಯಲ್ಲಿ ಒಂದು ಕಾಲುಸಂಕ. ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದೇ ಕಡೆ ಬಿದಿರು. ಕೆಳಗೆ ಹಳ್ಳ ಭರ್ರನೆ ಹರಿಯುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟವಳು ನಿಂತೇಬಿಟ್ಟಳು. ಬಿದಿರು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಹಿಂದಿನಿಂದ ಹುಡುಗರು, "ಏನಾಗುದಿಲ್ಲ, ಹೋಗು ಹೋಗು" ಎಂದು ಕೂಗುತ್ತಿದ್ದರು. ಪ್ರೀತಿಯಿಂದಲೇ ಕೂಗಿದ್ದು. ಆದರೆ ಅವಳ ಕಾಲು ಇನ್ನೂ ಜಾಸ್ತಿ ನಡುಗಿತು.

ನಮ್ಮನ್ನು ಕರೆದೊಯ್ಯಲು ಬಂದಿದ್ದ ಅಜ್ಜ ಆಚೆ ದಡದಿಂದ ವಾಪಸ್ ಬಂದರು. "ಎಂತ ಮಗಾ, ಹೆದರಿಕೆಯಾ?"

"ಹೌದು ಅಜ್ಜ."

ಅಷ್ಟು ಹೇಳಿದ್ದೇ ತಡ, ಅವಳ ಭುಜ ಸಡಿಲವಾಯಿತು. ಅಜ್ಜ ಅವಳ ಚೀಲ ತೆಗೆದುಕೊಂಡರು. "ನೀರು ನೋಡ್ಬೇಡ. ಆಚೆ ಹಲಸಿನ ಮರ ಉಂಟಲ್ಲ, ಅದನ್ನೇ ನೋಡು. ನಾನು ಮುಂದೆ ಇರ್ತೇನೆ." ಅವಳು ದಾಟಿದಳು, ಒಂದೊಂದೇ ಹೆಜ್ಜೆ.

ಅಜ್ಜನ ಮಾತಿಗೆ ಕಾರಣ ಇದೆ. ದೇಹದ ಸಮತೋಲ ಕಣ್ಣು, ಒಳಕಿವಿ ಮತ್ತು ಕಾಲು–ಕೀಲುಗಳಿಂದ ಸಿಗುವ ಸೂಚನೆಗಳ ಮೇಲೆ ನಿಂತಿದೆ. ಹರಿಯುವ ನೀರನ್ನೇ ನೋಡುತ್ತಿದ್ದರೆ ನಾವೇ ಪಕ್ಕಕ್ಕೆ ಸರಿಯುತ್ತಿರುವ ಹಾಗೆ ಕಣ್ಣಿಗೆ ಅನಿಸುತ್ತದೆ. ಕಾಲು ಒಂದು ಹೇಳುತ್ತದೆ, ಕಣ್ಣು ಇನ್ನೊಂದು. ತಲೆ ಸುತ್ತುವುದು ಅಲ್ಲೇ. ಎತ್ತರದಲ್ಲೂ ಹೀಗೇ. ಹತ್ತಿರ ನೋಡಲು ಏನೂ ಇಲ್ಲದಾಗ ದೇಹ ಸ್ವಲ್ಪ ಜಾಸ್ತಿ ತೂಗಾಡುತ್ತದೆ. ಅಲುಗದ ಒಂದು ವಸ್ತುವಿನ ಮೇಲೆ ಕಣ್ಣಿಟ್ಟರೆ ಎಷ್ಟೋ ಸಮಾಧಾನ. ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಹೆದರಿದಾಗ ದೇಹದಲ್ಲಿ ಹರಿಯುವ ಅಡ್ರಿನಾಲಿನ್ ಎಂಬ ರಸದ ಕೆಲಸ. ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ, ಎದೆಬಡಿತ ಇಳಿಯುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಉಂಬಳದ, ಅಂದರೆ ಕಾಡಿನ ಜಿಗಣೆಯ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಗುಣ ಅದರ ಜೊಲ್ಲಿನಲ್ಲಿದೆ, ಹಾಗಾಗಿ ಸ್ವಲ್ಪ ಹೊತ್ತು ರಕ್ತ ಸುರಿಯುತ್ತದೆ. ಉದ್ದ ಕಾಲುಚೀಲ ಹಾಕಿ, ಸಾಕು.

ಆ ದಿನ ಸಂಜೆ ಕಟ್ಟೆಯ ಮೇಲೆ ಕೂತಾಗ ಆ ಹುಡುಗಿ ಕೇಳಿದಳು, "ಅಜ್ಜ, ನಿಮಗೆ ಹೆದರಿಕೆ ಆಗುದಿಲ್ವಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಳೆಗಾಲದಲ್ಲಿ ಆಗ್ತದೆ. ಮಕ್ಕಳು ಶಾಲೆಯಿಂದ ಬರುವಲ್ಲಿವರೆಗೆ ಆಗ್ತದೆ."

ಇದನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಿ. 2022ರ ಮಳೆಗಾಲದಲ್ಲಿ ನಮ್ಮ ಪಕ್ಕದ ಉಡುಪಿ ಜಿಲ್ಲೆಯ ಬೈಂದೂರು ಕಡೆ, ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ನೀರಿಗೆ ಬಿದ್ದು ತೀರಿಕೊಂಡಳು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಅಲ್ಲಿಯ ಜನರ ಹೆದರಿಕೆಗೆ ಲೆಕ್ಕ ಇದೆ. ನೀರಿನ ಬಣ್ಣ ಕೆಂಪಾದರೆ ಮೇಲೆ ಎಲ್ಲೋ ಮಳೆ ಜೋರಾಗಿದೆ ಎಂದು ಅವರಿಗೆ ಗೊತ್ತು. "ಇವತ್ತು ಬೇಡ" ಎಂದು ಅವರು ಹೇಳಿದರೆ ಅಲ್ಲಿಗೆ ಮುಗಿಯಿತು. ಪ್ರಾರ್ಥನೆ ಮಾಡಿ ದಾಟೋಣ ಎಂದು ಯಾರೂ ವಾದ ಮಾಡಬಾರದು. ಮಾತ್ರೆ ನಾಳೆ ತಲುಪಿದರೂ ನಡೆಯುತ್ತದೆ.

ತಂಡದ ನಾಯಕರಿಗೆ ಒಂದು ಕೋರಿಕೆ. ಪ್ರತಿ ಸಂಕದ ಮುಂದೆ, ಪ್ರತಿ ಏರಿನ ಬುಡದಲ್ಲಿ ನಿಲ್ಲಿ. "ನನಗೆ ಸ್ವಲ್ಪ ಹೆದರಿಕೆ ಆಗ್ತಾ ಇದೆ, ನಿಮಗೆ?" ಎಂದು ನೀವೇ ಮೊದಲು ಕೇಳಿ. ಹೌದು ಎಂದವರನ್ನು ನಿಮ್ಮ ಬೆನ್ನಿಗೇ ಇಟ್ಟುಕೊಳ್ಳಿ. ಕೊನೆಯಲ್ಲಿ ಅನುಭವ ಇರುವ ಒಬ್ಬರು ಬರಲಿ.

ಘಟ್ಟಕ್ಕೆ ಹೊರಡುವ ಮೊದಲು ಅಭ್ಯಾಸಕ್ಕೆಂದು ಗಡಾಯಿಕಲ್ಲು ಎಂಬ ದೊಡ್ಡ ಬಂಡೆ ಹತ್ತೋಣ. ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ ಅದೇ ಬಂಡೆಯ ಮೇಲಿದೆ. ಮೇಲೆ ಹೋಗಲು ಇರುವುದು ಬಂಡೆಯಲ್ಲಿ ಕಡಿದ ಇಕ್ಕಟ್ಟು ಮೆಟ್ಟಿಲು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇಲ್ಲ. ಅರಣ್ಯ ಇಲಾಖೆಯವರು ಬಿಡುವ ದಿನ, ಬಂಡೆ ಒಣಗಿದ್ದರೆ ಮಾತ್ರ ಹೋಗುವುದು. ಎತ್ತರ ಕಂಡರೆ ಆಗುವುದಿಲ್ಲ ಎನ್ನುವವರು ಇವತ್ತೇ, ಚಾ ಕುಡಿಯುವಾಗ, ನನ್ನ ಹತ್ತಿರ ಬಂದು ಹೇಳಿ. ನಿಮ್ಮ ಪಕ್ಕದಲ್ಲಿ ಯಾರು ನಡೆಯಬೇಕು ಎಂದು ಕೂತು ಮಾತಾಡೋಣ.