ಬೀಜಕ್ಕೆ ಬುತ್ತಿ ಕಟ್ಟುವ ಹೊತ್ತು

ಸ್ನೇಹಿತರೇ,

ಹೂಬಿಡುವ ಸಸ್ಯಕ್ಕೂ ಹೂವಿಲ್ಲದ ಬೀಜಸಸ್ಯಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಹೆಚ್ಚಿನವರು ದಳ, ಬಣ್ಣ, ಪರಿಮಳ ಎನ್ನುತ್ತಾರೆ. ಆದರೆ ಹುಲ್ಲಿನ ಹೂವಿಗೆ ಇವು ಯಾವುವೂ ಇಲ್ಲ. ಹಾಗಿದ್ದೂ ಅದು ಹೂವೇ. ನಾವು ನೋಡಬೇಕಾದದ್ದು ಅಂಡಕವನ್ನು, ಅಂದರೆ ಮುಂದೆ ಬೀಜವಾಗಲಿರುವ ಪುಟ್ಟ ಅಂಗವನ್ನು.

ಹೂವಿಲ್ಲದ ಪೈನ್ ಮರದ ಎಳೆಯ ಹೆಣ್ಣು ಶಂಕುವನ್ನು ಬಿಡಿಸಿದರೆ ಒಂದೊಂದು ಹುರುಪೆಯ ಮೇಲ್ಮೈಯಲ್ಲಿ, ಬುಡದ ಹತ್ತಿರ, ಎರಡೆರಡು ಅಂಡಕಗಳು ಕಾಣುತ್ತವೆ. ಅವುಗಳನ್ನು ಮುಚ್ಚಿಡುವ ಅಂಡಾಶಯವಿಲ್ಲ, ಪರಾಗವನ್ನು ಬರಮಾಡಿಕೊಳ್ಳಲು ಶಲಾಕಾಗ್ರವೂ ಇಲ್ಲ. ಅಂಡಕದ ಬಾಯಿ ಕೆಳಮುಖವಾಗಿದ್ದು, ಅಲ್ಲಿ ಒಂದು ಹನಿ ದ್ರವ ಒಸರಿ ನಿಲ್ಲುತ್ತದೆ. ಗಾಳಿಯಲ್ಲಿ ಬಂದ ಪರಾಗರೇಣು ಆ ಹನಿಗೆ ಸಿಕ್ಕಿಕೊಳ್ಳುತ್ತದೆ. ರೇಣುವಿನ ಎರಡು ಬದಿಯಲ್ಲಿರುವ ಗಾಳಿಚೀಲಗಳು ಅದನ್ನು ಹನಿಯೊಳಗೆ ಮೇಲಕ್ಕೆ ತೇಲಿಸಿ ಅಂಡಕಕ್ಕೆ ತಲುಪಿಸುತ್ತವೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ಹೂವಿಗಿಂತ ಕೀಳೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹೂವಿಲ್ಲದ ಇನ್ನೊಂದು ಬೀಜಸಸ್ಯ ಸೈಕಸ್‌ನಲ್ಲಂತೂ ಅಂಡಕಗಳು ಎಲೆಯಂಥ ರಚನೆಯ ಅಂಚಿನಲ್ಲಿ ಬಯಲಾಗಿಯೇ ಇರುತ್ತವೆ. ಅದರ ಗಂಡು ಕೋಶಗಳಿಗೆ ಈಜುವ ಶಕ್ತಿಯೂ ಇದೆ. 1896ರಲ್ಲಿ ಜಪಾನಿನ ಸಸ್ಯವಿಜ್ಞಾನಿಗಳಾದ ಹಿರಾಸೆ ಗಿಂಕ್ಗೊ ಎಂಬ ಹೂವಿಲ್ಲದ ಮರದಲ್ಲಿ, ಇಕೆನೊ ಸೈಕಸ್‌ನಲ್ಲಿ ಇಂಥ ಈಜುವ ಗಂಡು ಕೋಶಗಳನ್ನು ಕಂಡುಹಿಡಿದರು.

ಹೂವಿನಲ್ಲಿ ಅಂಡಕ ಅಂಡಾಶಯದ ಒಳಗೆ ಭದ್ರವಾಗಿರುತ್ತದೆ. ಪರಾಗ ಬೀಳುವುದು ಶಲಾಕಾಗ್ರದ ಮೇಲೆ. ಅಲ್ಲಿಂದ ಪರಾಗರೇಣುವಿನಿಂದ ಬೆಳೆಯುವ ಪರಾಗನಾಳ, ಶಲಾಕಾಗ್ರವನ್ನು ಅಂಡಾಶಯಕ್ಕೆ ಜೋಡಿಸುವ ಶಲಾಕೆಯ ಮೂಲಕ ಇಳಿಯಬೇಕು. ಹಾಗಾಗಿ ಬೇರೆ ಜಾತಿಯ ಪರಾಗವನ್ನು, ಎಷ್ಟೋ ಸಸ್ಯಗಳಲ್ಲಿ ತನ್ನದೇ ಪರಾಗವನ್ನೂ, ದಾರಿಯಲ್ಲೇ ತಡೆಯುವ ಅವಕಾಶ ಹೂವಿಗಿದೆ. ಅಂಡಾಶಯ ಮಾಗಿದರೆ ಹಣ್ಣು. ಅಂಡಾಶಯವೇ ಇಲ್ಲದ ಜುನಿಪರ್‌ನ ‘ಹಣ್ಣು’ ನಿಜವಾಗಿ ಹುರುಪೆಗಳು ಮೆತ್ತಗಾಗಿ ಕೂಡಿಕೊಂಡ ಶಂಕು.

ನನ್ನ ಮಟ್ಟಿಗೆ ಇದಕ್ಕಿಂತ ಆಳವಾದ ಭೇದ ಬೇರೊಂದಿದೆ: ತಾಯಿಗಿಡ ಬೀಜಕ್ಕೆ ಬುತ್ತಿ ಕಟ್ಟುವುದು ಯಾವಾಗ? ಪೈನ್‌ನಲ್ಲಿ ಪರಾಗಸ್ಪರ್ಶವಾಗಿ ನಿಶೇಚನ, ಅಂದರೆ ಗಂಡು ಕೋಶ ಅಂಡಾಣುವನ್ನು ಕೂಡುವುದು, ನಡೆಯಲು ಸುಮಾರು ಒಂದು ವರ್ಷ ಬೇಕು. ಭ್ರೂಣಕ್ಕೆ ಆಹಾರವಾಗುವ ಅಂಗಾಂಶ ಆ ನಿಶೇಚನಕ್ಕೆ ಮೊದಲೇ ಬೆಳೆದಿರುತ್ತದೆ. ಅದರ ಕೋಶಗಳಲ್ಲಿರುವುದು ವರ್ಣತಂತುಗಳ ಒಂದೇ ಸೆಟ್, ಅದೂ ತಾಯಿಯದೇ. ಗಿಂಕ್ಗೊದ ಅಂಡಕ ನಿಶೇಚನಕ್ಕೆ ಮೊದಲೇ ಹೆಚ್ಚುಕಡಿಮೆ ಬೀಜದ ಗಾತ್ರಕ್ಕೆ ಬೆಳೆದುಬಿಡುತ್ತದೆ. ನಿಶೇಚನ ಆಗದಿದ್ದರೆ ಅಷ್ಟೂ ಖರ್ಚು ವ್ಯರ್ಥ.

ಹೂಬಿಡುವ ಸಸ್ಯ ಕಾಯುತ್ತದೆ. ಅದರ ಪರಾಗನಾಳ ಎರಡು ಗಂಡು ಕೋಶಗಳನ್ನು ತರುತ್ತದೆ. ಒಂದು ಅಂಡಾಣುವನ್ನು ಸೇರಿ ಭ್ರೂಣವಾಗುತ್ತದೆ. ಇನ್ನೊಂದು, ಸಾಮಾನ್ಯವಾಗಿ ಅಂಡಕದೊಳಗಿನ ಧ್ರುವೀಯ ಕೋಶಕೇಂದ್ರಗಳೆಂಬ ಇನ್ನೆರಡು ಕೋಶಕೇಂದ್ರಗಳನ್ನು ಸೇರಿ, ವರ್ಣತಂತುಗಳ ಮೂರು ಸೆಟ್‌ಗಳಿರುವ ಭ್ರೂಣಾಹಾರವಾಗುತ್ತದೆ. 1898ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ನವಾಶಿನ್ ಗುರುತಿಸಿದ ದ್ವಿನಿಶೇಚನ ಇದೇ. ಧಾನ್ಯದ ಕಾಳಿನಲ್ಲಿ ಹಿಟ್ಟಾಗುವ ಭಾಗ ಹುಟ್ಟುವುದು ಈ ಎರಡನೆಯ ಕೂಡಿಕೆಯಿಂದ. ನಿಶೇಚನವಿಲ್ಲದಿದ್ದರೆ ಸಾಮಾನ್ಯವಾಗಿ ಭ್ರೂಣಾಹಾರವೂ ಇಲ್ಲ.

ಹೂವಿಲ್ಲದ ಎಫಿಡ್ರಾದಲ್ಲಿಯೂ ಎರಡನೆಯ ಗಂಡು ಕೋಶ ಇನ್ನೊಂದು ಕೋಶಕೇಂದ್ರವನ್ನು ಕೂಡುತ್ತದೆ. ಆದರೆ ಅದರಿಂದ ಹುಟ್ಟುವುದು ಆಹಾರವಲ್ಲ, ಮತ್ತೊಂದು ಭ್ರೂಣ. ಹೂಗಿಡಗಳ ಭ್ರೂಣಾಹಾರವೂ ಹೀಗೆ ಹುಟ್ಟಿದ ಹೆಚ್ಚುವರಿ ಭ್ರೂಣದಿಂದಲೇ ರೂಪುಗೊಂಡಿತೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.