ಅಕ್ಕನ ಮಗನ ಜೀನು, ನಾಡಿನ ಬೊಕ್ಕಸ

ಕೇಳುಗರಿಗೆ ನಮಸ್ಕಾರ.

ನನ್ನ ಅಕ್ಕನ ಮಗನಿಗೆ ನಾಲ್ಕು ವರ್ಷ ತುಂಬಿದಾಗ ಅವನ ಮೀನಖಂಡಗಳು ಉಬ್ಬಿ ಗಟ್ಟಿಯಾಗಿದ್ದವು. ಮೊಮ್ಮಗನದು ಪೈಲ್ವಾನನ ಕಾಲು ಎಂದು ನಮ್ಮ ಅಮ್ಮ ಶುಕ್ರವಾರ ತಪ್ಪದೆ ದೃಷ್ಟಿ ತೆಗೆಯುತ್ತಿದ್ದರು. ಅದೇ ಹುಡುಗ ನೆಲದಿಂದ ಏಳುವಾಗ ಮೊಣಕಾಲಿಗೆ ಕೈಯೂರಿ, ತೊಡೆಯನ್ನು ಹಿಡಿದು ಹಿಡಿದು ಮೇಲೇಳುತ್ತಿದ್ದ. ಎರಡು ವರ್ಷ ಕ್ಯಾಲ್ಸಿಯಂ ಔಷಧಿ ಕುಡಿಸಿದೆವು. ಕೊನೆಗೆ ಒಬ್ಬ ವೈದ್ಯೆ ಅವನು ಏಳುವುದನ್ನು ನೋಡಿದ ಕೂಡಲೇ ರಕ್ತಪರೀಕ್ಷೆಗೆ ಬರೆದರು. ಆಮೇಲೆ ಜೀನ್ ಪರೀಕ್ಷೆಯಾಯಿತು. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸವೆಯುವ ಡುಷೇನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆಯ ಹೆಸರನ್ನು ನಾವು ಮೊದಲು ಕೇಳಿದ್ದು ಆಗ.

ಸ್ನಾಯುವಿನ ಕೋಶ ಹರಿಯದಂತೆ ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳಲ್ಲಿ ತಯಾರಾಗುವುದಿಲ್ಲ. ಅದರ ಜೀನು ಇರುವುದು ಹೆಣ್ಣಿಗೆ ಎರಡು, ಗಂಡಿಗೆ ಒಂದೇ ಇರುವ ಎಕ್ಸ್ ಕ್ರೋಮೋಸೋಮಿನ ಮೇಲೆ. ನಮ್ಮ ಅಮ್ಮನ ಎರಡು ಎಕ್ಸ್‌ಗಳಲ್ಲಿ ಒಂದು ಕೆಟ್ಟಿತ್ತು. ಸರಿಯಿದ್ದದ್ದು ನನಗೆ ಬಂತು, ಕೆಟ್ಟದ್ದು ಅಕ್ಕನಿಗೆ ಹೋಯಿತು, ಅವಳಿಂದ ಮಗನಿಗೆ. ಅರ್ಧಕ್ಕರ್ಧ ಸಾಧ್ಯತೆ, ಅಷ್ಟೇ. ಅವನು "ಮಾವ" ಎಂದು ಕೂಗಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ತಾಯಿಯನ್ನು ದೂರುವ ನೆಂಟರಿಗೆ ಒಂದು ಮಾತು: ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಈ ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ.

ಕೇಂದ್ರ ಸರ್ಕಾರ 2021ರಲ್ಲಿ ಅಪರೂಪದ ಕಾಯಿಲೆಗಳಿಗಾಗಿ ರಾಷ್ಟ್ರೀಯ ನೀತಿಯನ್ನು ತಂದಿತು. ಮರುವರ್ಷ ರೋಗಿಯೊಬ್ಬರಿಗೆ ಕೊಡುವ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿತು. ನಮ್ಮ ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಜೊತೆಯಾಗಿ ಈ ನೀತಿಯ ಉತ್ಕೃಷ್ಟತಾ ಕೇಂದ್ರವಾಗಿವೆ. ಎಷ್ಟೋ ಮಕ್ಕಳು ಇದರಿಂದ ಉಸಿರಾಡುತ್ತಿದ್ದಾರೆ, ಅದಕ್ಕೆ ನಾನು ಕೃತಜ್ಞ. ಆದರೆ ಇದು ಔಷಧಿ ಕೊಳ್ಳುವ ಹಣ. ಕೊಳ್ಳಲು ಔಷಧಿಯೇ ಇಲ್ಲದವರು ಏನು ಮಾಡಬೇಕು?

ಡಿಸ್ಟ್ರೋಫಿನ್ ಜೀನಿನಲ್ಲಿ ಎಕ್ಸಾನ್ ಎಂಬ 79 ತುಣುಕುಗಳಿವೆ. ಯಾವ ತುಣುಕು ಕಳೆದುಹೋಗಿದೆ ಎಂಬುದು ಹುಡುಗನಿಂದ ಹುಡುಗನಿಗೆ ಬೇರೆ. 2016ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಮೊದಲ ಎಕ್ಸಾನ್ ಔಷಧಿ, ಅಂದರೆ ಒಂದು ತುಣುಕನ್ನು ಬಿಟ್ಟು ಉಳಿದದ್ದನ್ನು ಓದುವಂತೆ ಮಾಡುವ ಔಷಧಿ, ಒಗ್ಗುವುದು ನೂರರಲ್ಲಿ ಸುಮಾರು 13 ಹುಡುಗರಿಗೆ. ನಮ್ಮವನು ಆ ಹದಿಮೂರರಲ್ಲಿ ಇಲ್ಲ. ಅವನಿಗೆ ಸಿಗುವುದು ಸ್ಟೀರಾಯ್ಡ್ ಮಾತ್ರೆ, ಅದು ಕಾಯಿಲೆಯ ಓಟವನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಬೆರಳೆಣಿಕೆಯ ಮಕ್ಕಳಿಗಾಗಿ ಯಾವ ಕಂಪನಿ ಬಂಡವಾಳ ಹಾಕೀತು? ಅಂಥ ಔಷಧಿ ಹುಡುಕುವ ಕೆಲಸಕ್ಕೆ ಬೊಕ್ಕಸದ ಹಣವೇ ಬೇಕು.

ಹಾಗೆ ಹಾಕಿದ ಹಣ ಫಲ ಕೊಟ್ಟದ್ದನ್ನು ನಾವು ಕಂಡಿದ್ದೇವೆ. ಬೆಂಗಳೂರಿನ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ, ಕಾಂಡಕೋಶಗಳ ಸಂಶೋಧನೆ ಮಾಡುವ ಇನ್‌ಸ್ಟೆಮ್ ಸಂಸ್ಥೆಯ ಒಂದು ಘಟಕ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದೆ. ಜೈವಿಕ ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ ಅಲ್ಲಿನವರು ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯಾದ ಹೀಮೋಫೀಲಿಯಾ ತೀವ್ರವಾಗಿದ್ದ ಐದು ಜನರ, ರಕ್ತವನ್ನು ಹುಟ್ಟಿಸುವ ಕಾಂಡಕೋಶಗಳಿಗೇ ಸರಿಯಾದ ಜೀನನ್ನು ಸೇರಿಸಿ ಮರಳಿ ಕೊಟ್ಟರು. ಆ ಐವರಲ್ಲಿ ರಕ್ತಸ್ರಾವ ನಿಂತಿತು. ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಆ ಸುದ್ದಿಯನ್ನು ಓದಿದ ರಾತ್ರಿ ಅಕ್ಕ ನಿದ್ದೆ ಮಾಡಲಿಲ್ಲ.

ನಾನು ಕೇಳುವುದು ಬಹಳ ಸಾದಾ ಸಂಗತಿ. ಸಂಶೋಧನೆಗೆ ಅನುದಾನ ಸಾಮಾನ್ಯವಾಗಿ ಮೂರು ವರ್ಷಕ್ಕೆ ಮಂಜೂರಾಗುತ್ತದೆ. ಡುಷೇನ್ ಹುಡುಗನೊಬ್ಬನ ಕಾಯಿಲೆಯನ್ನು ಅಳೆಯಲು ಹತ್ತು ಹದಿನೈದು ವರ್ಷ ಬೇಕು. ಕಂತು ತಡವಾದರೆ ಅಳೆಯುವ ಸಹಾಯಕಿ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾಳೆ, ಲೆಕ್ಕ ಅಲ್ಲಿಗೇ ತುಂಡಾಗುತ್ತದೆ. ಕಾಯಿಲೆ ತಾನಾಗಿ ಹೇಗೆ ಸಾಗುತ್ತದೆ ಎಂಬ ಲೆಕ್ಕ ಕೈಯಲ್ಲಿಲ್ಲದಿದ್ದರೆ, ನಾಳೆ ಹೊಸ ಔಷಧಿ ಬಂದಾಗ ಅದು ಫಲಿಸಿತೋ ಇಲ್ಲವೋ ಎಂದು ಹೇಳುವುದು ಕಷ್ಟ. ದೊಡ್ಡ ಯಂತ್ರಗಳಿಗಿಂತ ಮೊದಲು ಈ ಲೆಕ್ಕಕ್ಕೆ, ಅದನ್ನು ಬರೆಯುವವರ ಸಂಬಳಕ್ಕೆ, ಹತ್ತು ವರ್ಷದ ಹಣವನ್ನು ಒಟ್ಟಿಗೆ ತೆಗೆದಿಡಬೇಕು.

ನಾನಂತೂ ಮನೆಯಲ್ಲೇ ಬರೆಯುತ್ತಿದ್ದೇನೆ. ಆರು ತಿಂಗಳಿಗೊಮ್ಮೆ ಬೆಳಗಿನ ಹೊತ್ತು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ, ಗಡಿಯಾರ ಹಿಡಿದು, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾನೆ ಎಂದು ನೋಡುತ್ತೇನೆ. ಕಳೆದ ವರ್ಷ 340 ಮೀಟರ್. ಈ ಬಾರಿ 270. ಅವನಿಗೀಗ ಹನ್ನೊಂದು.

ನಮಸ್ಕಾರ.