ಪಟ್ಟಿ ಇದ್ದದ್ದೆಲ್ಲ ಜೇನಲ್ಲ

ಅವರೆ ಕಾಲ ಬಂತೆಂದರೆ ಕೋಲಾರ, ಚಿಕ್ಕಬಳ್ಳಾಪುರದಿಂದ ಕೀಟದ ಹೆಸರು ಕೇಳುವವರ ಫೋಟೋಗಳು ನನಗೆ ಬರತೊಡಗುತ್ತವೆ. ಕೊತ್ತಂಬರಿ ಹೂವಿನ ಮೇಲೆ ಹಳದಿ, ಕಪ್ಪು ಪಟ್ಟಿಯ ಏನೋ ಒಂದು. “ಇದು ಯಾವ ಜೇನು ಸರ್?” ಬಹಳ ಸಲ ಅದು ಜೇನೇ ಅಲ್ಲ, ನೊಣ.

ಹೆಸರು ಕೇಳುವ ಮೊದಲು ಜೇನೋ ನೊಣವೋ ಎಂಬುದನ್ನು ನೀವೇ ತೀರ್ಮಾನಿಸಬೇಕು ಎಂಬುದು ನನ್ನ ವಾದ. ಅದಕ್ಕೆ ತಜ್ಞರು ಬೇಡ, ಮುಖ ನೋಡಿದರೆ ಸಾಕು. ತಲೆಯ ಬಹುಪಾಲು ಕಣ್ಣೇ ಆಗಿದ್ದು, ಮೀಸೆ ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡವಾಗಿದ್ದರೆ ಅದು ಹೂನೊಣ, ಕೃಷಿಯವರು ಹೇಳುವ ಸಿರ್ಫಿಡ್ ನೊಣ. ಜೇನಿನ ಮೀಸೆ ಉದ್ದ, ಮೊಣಕೈಯಂತೆ ಬಾಗಿರುತ್ತದೆ. ರೆಕ್ಕೆ ಎಣಿಸಿ, ನೊಣಕ್ಕೆ ಎರಡು, ಜೇನಿಗೆ ನಾಲ್ಕು ಎನ್ನುವವರಿದ್ದಾರೆ. ಮಾತು ನಿಜ, ಆದರೆ ಫೋಟೋದಲ್ಲಿ ಕೆಲಸಕ್ಕೆ ಬಾರದು. ಜೇನಿನ ಹಿಂದಿನ ರೆಕ್ಕೆ ಸಣ್ಣ ಕೊಕ್ಕೆಗಳಿಂದ ಮುಂದಿನದಕ್ಕೆ ಸಿಕ್ಕಿಕೊಂಡು ಎರಡೂ ಒಂದೇ ಆಗಿ ಕಾಣುತ್ತವೆ. ಹಿಂಗಾಲಿನಲ್ಲಿ ಪರಾಗದ ಉಂಡೆ ಕಂಡರಂತೂ ಚರ್ಚೆಯೇ ಬೇಡ, ಜೇನೇ.

ಇದು ತಿಳಿಯದಿದ್ದರೆ ಪೆಟ್ಟು ಬೀಳುವುದು ಅವರೆ ಹೊಲದಲ್ಲಿ. ಅವರೆಯ ಕುಡಿಗೆ ರಸ ಹೀರುವ ಕಪ್ಪು ಸಸ್ಯಹೇನು ಮುತ್ತಿದಾಗ ಹೂನೊಣ ಆ ಗುಂಪಿನ ನಡುವೆಯೇ ಮೊಟ್ಟೆಯಿಡುತ್ತದೆ. ಅದರ ಮರಿಹುಳು ಹೇನುಗಳನ್ನು ಒಂದೊಂದಾಗಿ ಹಿಡಿದು ಹೀರುತ್ತದೆ. ಕಾಲಿಲ್ಲದ ಆ ಹುಳುವನ್ನು ಕಾಯಿಕೊರಕವೆಂದುಕೊಂಡು ಔಷಧ ಹೊಡೆಯುವವರು ಎಷ್ಟೋ ಜನ. ತಾಯಿಯ ಫೋಟೋ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ, ಮರಿಗೆ ವಿಷ! ಹೂನೊಣದ ಮರಿಗಳೆಲ್ಲ ಹೇನು ತಿನ್ನುತ್ತವೆ ಎಂದೂ ಅಲ್ಲ. ಕಣ್ಣಿನ ಮೇಲೆ ಚುಕ್ಕೆ, ಗೆರೆ ಬರೆದುಕೊಂಡ ಎರಿಸ್ಟಾಲಿನಸ್ ಇದೆಯಲ್ಲ, ಅದರ ಮರಿಗಳು ಬಾಲದಂಥ ಉಸಿರುಕೊಳವೆ ಚಾಚಿಕೊಂಡು ಕೊಳಚೆ ನೀರಿನಲ್ಲಿ ಬೆಳೆಯುತ್ತವೆ. ಅಷ್ಟು ಚಂದದ ಕಣ್ಣಿಗೆ ಅಂಥ ತವರು!

ಇನ್ನು ಫೋಟೋ ನೋಡಿ ಕೀಟದ ಹೆಸರು ಹೇಳುವ ಆ್ಯಪ್‌ಗಳು. ಕಪ್ಪು ದುಂಬಿಯ ಚಿತ್ರ ತೋರಿಸಿದರೆ ಬಂಬಲ್‌ಬೀ ಎಂದುಬಿಡುವುದುಂಟು. ನಮ್ಮ ದೇಶದಲ್ಲಿ ಬಂಬಲ್‌ಬೀಗಳು ಮುಖ್ಯವಾಗಿ ಹಿಮಾಲಯದವು. ನಂದಿಬೆಟ್ಟದ ತಪ್ಪಲಲ್ಲಿ ಒಣಮರ ಕೊರೆದು ಗೂಡು ಮಾಡುವ ದುಂಬಿ ಕ್ಸೈಲೋಕೋಪ. ನಮ್ಮ ನಾಡಿನ ತುಡುವೆ ಜೇನನ್ನು ಯುರೋಪಿನ ಮೆಲ್ಲಿಫೆರಾ ಜೇನು ಎಂದರೂ ನಂಬುವವರಿದ್ದಾರೆ, ಏಕೆಂದರೆ ಮೆಲ್ಲಿಫೆರಾವನ್ನು ಪೆಟ್ಟಿಗೆಗಳಲ್ಲಿ ಇಲ್ಲಿಯೂ ಸಾಕುತ್ತಾರೆ. ಎರಡನ್ನೂ ಬೇರ್ಪಡಿಸುವ ಗುರುತು ಹಿಂದಿನ ರೆಕ್ಕೆಯ ಒಂದು ಸಣ್ಣ ನರದಲ್ಲಿದೆ. ಆದ್ದರಿಂದ ಮುಖ, ಬೆನ್ನು, ಪಕ್ಕ, ರೆಕ್ಕೆ ಎಲ್ಲ ಕಾಣುವಂತೆ ಹಲವು ಚಿತ್ರ ತೆಗೆಯಿರಿ. ದಯವಿಟ್ಟು ಫಿಲ್ಟರ್ ಹಾಕಬೇಡಿ.

ಟೊಮೆಟೊ ಹೂವಿನಲ್ಲಿ ನೀಲಿ ಪಟ್ಟಿಯ ಜೇನು ಕಂಡರೆ ನನ್ನ ಉತ್ತರ ಅಮೆಗಿಲ್ಲ ಎಂಬ ಕುಲದ ಹೆಸರಿಗೇ ನಿಲ್ಲುತ್ತದೆ, ಯಾವ ಪ್ರಭೇದ ಎಂದು ಹೇಳುವುದಿಲ್ಲ. ಹೂವನ್ನು ತಬ್ಬಿ, ಎದೆಯ ಸ್ನಾಯು ನಡುಗಿಸಿ ಪರಾಗ ಉದುರಿಸಿಕೊಳ್ಳುವ ಕಸುಬು ತುಡುವೆಗೆ ಬಾರದು, ಇದಕ್ಕೆ ಬರುತ್ತದೆ. ಕೋಲಾರದ ಟೊಮೆಟೊ ಬೆಳೆಗಾರರಿಗೆ ಇಷ್ಟು ತಿಳಿದರೆ ಸಾಕು. ಹೆಸರನ್ನು ಅರ್ಧಕ್ಕೇ ನಿಲ್ಲಿಸಿದೆ ಎಂದು ಕೆಲವರು ಸಿಡುಕುತ್ತಾರೆ. ಸಿಡುಕಲಿ. ಪೂರ್ತಿ ಹೆಸರು ಬೇಕೆಂದರೆ ಸಾಮಾನ್ಯವಾಗಿ ಕೀಟವನ್ನು ಕೊಂದು ಸೂಕ್ಷ್ಮದರ್ಶಕದ ಕೆಳಗೆ ಇಡಬೇಕಾಗುತ್ತದೆ. ಕೈತೋಟದ ಕುತೂಹಲಕ್ಕಾಗಿ ಹಾಗೆ ಮಾಡಿ ಎಂದು ನಾನಂತೂ ಹೇಳುವುದಿಲ್ಲ.